ಗಂಗೆಯ ದಡದ ಶ್ರೀರಾಂಪುರದಲ್ಲಿ ನಮ್ಮ ವಾಸ

ಕೋಲ್ಕತಾದ ಕನ್ನಡಿಗರೆಂದೊಡನೆ ನೆನಪಾಗುವುದು ಲೇಕ್ ಮಾರ್ಕೆಟ್ ಪರಿಸರ. ಕಾಫಿಪುಡಿ, ಕರಿಬೇವು, ಬಾಳೆಎಲೆಗಳು ಕೂಗಳತೆಯಲ್ಲಿ ದೊರೆಯುವ ಆ ನೆಲೆಯನ್ನು ಬಿಟ್ಟು, ಬ್ಯಾಂಕಿನ ವರ್ಗಾವಣೆಯ ನಿಮಿತ್ತ ನಾವು ದಂಪತಿಗಳು ಹೂಗ್ಲಿ ಜಿಲ್ಲೆಯ ಶ್ರೀರಾಂಪುರಕ್ಕೆ ಬಂದು ಆರು ವರ್ಷಗಳಾದವು. ನಮಗೆ ಬೆಂಗಳೂರಿನ ಶ್ರೀರಾಂಪುರಕ್ಕೇ ವರ್ಗವಾಯಿತೆಂದು ತಿಳಿದು ಸಂಭ್ರಮಪಟ್ಟ ಬಂಧುಗಳೂ ಉಂಟು! ಸಣ್ಣ ಊರಿನ ಶಾಂತ ಜೀವನ ಎಂಥದ್ದೆಂದು ಸಂಘದ ಮಿತ್ರರು ಆಗಾಗ ವಿಚಾರಿಸುವುದರಿಂದ ಈ ನಾಲ್ಕು ಮಾತು.

ಹೌರಾದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿರುವ ಈ ಊರು ಜನಸಂಖ್ಯೆಯಿಂದ ಸಣ್ಣದಲ್ಲ, ನಡೆಯಿಂದ ಸಣ್ಣದು. ನಿಲ್ದಾಣದ ಸುತ್ತ ಗದ್ದಲ ಸಾಕಷ್ಟಿದೆ. ನದಿಯ ಕಡೆಗೆ ಹತ್ತು ನಿಮಿಷ ನಡೆದರೆ ಅದು ಅಡಗುತ್ತದೆ. ಬೆಳಗಿನ ಲೋಕಲ್ ರೈಲುಗಳು ದುಡಿಯುವವರನ್ನು ಕೋಲ್ಕತಾಕ್ಕೆ ಒಯ್ದ ಮೇಲೆ ಊರು ವೃದ್ಧರಿಗೂ ಗೃಹಿಣಿಯರಿಗೂ ಸೇರಿದ್ದು. ಮಧ್ಯಾಹ್ನ ಅಂಗಡಿಗಳ ಷಟರ್ ಇಳಿದರೆ ಸಂಜೆಯವರೆಗೆ ಏಳದು. ಊಟದ ಮೇಲಿನ ಈ ನಿದ್ರೆಗೆ ಬಂಗಾಳಿಗಳು ‘ಭಾತ್‌ಘುಮ್’ ಎನ್ನುತ್ತಾರೆ, ಅಂದರೆ ಅನ್ನದ ನಿದ್ದೆ. ಗಡಿಯಾರ ನೋಡಿಯೇ ಬದುಕಿದ ಬ್ಯಾಂಕಿನವರಾದ ನಮಗೆ ಮೊದಮೊದಲು ಇದು ಸೋಮಾರಿತನವೆನಿಸಿತ್ತು. ಈಗ ರಜಾದಿನಗಳಲ್ಲಿ ನಾವೂ ಮಲಗುತ್ತೇವೆ.

ಈ ಶಾಂತಿಗೊಂದು ಇತಿಹಾಸವಿದೆ. 1755ರಲ್ಲಿ ಡೇನರು ಇಲ್ಲಿ ವ್ಯಾಪಾರದ ಕೋಠಿಯನ್ನು ಸ್ಥಾಪಿಸಿ, ತಮ್ಮ ದೊರೆಯ ಹೆಸರಿನಿಂದ ಊರನ್ನು ಫ್ರೆಡೆರಿಕ್ಸ್‌ನಗರವೆಂದು ಕರೆದರು. ಇಂಗ್ಲಿಷರೂ ಫ್ರೆಂಚರೂ ಕಾದಾಡುತ್ತಿದ್ದಾಗ ತಟಸ್ಥ ಡೇನಿಷ್ ಬಾವುಟದ ಹಡಗುಗಳಿಗೆ ಸುಗ್ಗಿಯೋ ಸುಗ್ಗಿ. 1808ರಿಂದ 1815ರವರೆಗೆ ಇಂಗ್ಲಿಷರು ಊರನ್ನು ವಶದಲ್ಲಿಟ್ಟುಕೊಂಡ ಬಳಿಕ ಆ ವ್ಯಾಪಾರ ಮತ್ತೆ ಚೇತರಿಸಿಕೊಳ್ಳಲಿಲ್ಲ. 1845ರಲ್ಲಿ ಡೇನರು ಊರನ್ನೇ ಮಾರಿ ಹೊರಟರು. ಮುಂದೆ ಸೆಣಬಿನ ಗಿರಣಿಗಳು ಬಂದವಾದರೂ ಹಳೆಯ ನದೀತೀರ ಬಂದರಾಗಿ ಉಳಿಯಲಿಲ್ಲ. ಇಂದು ನಾವು ಸಂಜೆ ಸವಿಯುವ ನೆಮ್ಮದಿ, ಒಂದು ಕಾಲದ ವರ್ತಕರ ನಷ್ಟ.

ಕನ್ನಡಿಗರು ಈ ಊರನ್ನು ನೆನೆಯಲು ಬೇರೊಂದು ಕಾರಣವುಂಟು. ಕಂಪನಿ ಸರಕಾರ ಪಾದ್ರಿಗಳನ್ನು ಸೇರಿಸದಿದ್ದ ಕಾಲದಲ್ಲಿ ವಿಲಿಯಂ ಕೇರಿಯವರು 1800ರಲ್ಲಿ ಡೇನರ ಆಶ್ರಯಕ್ಕೆ ಬಂದು ಇಲ್ಲಿ ಮುದ್ರಣಾಲಯವನ್ನು ನಡೆಸಿದರು. ಪಂಚಾನನ ಕರ್ಮಕಾರ ಹಾಗೂ ಅವರ ಅಳಿಯ ಮನೋಹರ ಹಲವು ಭಾರತೀಯ ಲಿಪಿಗಳ ಅಚ್ಚಿನ ಮೊಳೆಗಳನ್ನು ಸಿದ್ಧಪಡಿಸಿದರು. 1812ರ ಬೆಂಕಿಯಲ್ಲಿ ಕಾಗದ, ಮೊಳೆ, ಹಸ್ತಪ್ರತಿಗಳು ಅಪಾರವಾಗಿ ನಾಶವಾದರೂ ಕೆಲಸ ನಿಲ್ಲಲಿಲ್ಲ. 1817ರಲ್ಲಿ ಕೇರಿಯವರ ಕನ್ನಡ ವ್ಯಾಕರಣ ಇಲ್ಲಿಂದಲೇ ಹೊರಬಂತು. ಅದು ಕನ್ನಡ ಅಚ್ಚಿನ ತೀರ ಮೊದಲ ಪುಸ್ತಕಗಳಲ್ಲೊಂದು. ನಮ್ಮ ಅಕ್ಷರಗಳು ತುಂಗಭದ್ರೆಯನ್ನೂ ಕಾವೇರಿಯನ್ನೂ ಬಿಟ್ಟು ಈ ಗಂಗೆಯ ದಡದಲ್ಲಿ ಮಸಿ ಬಳಿದುಕೊಂಡವೆಂದು ನೆನೆದಾಗ ಕಾಲೇಜಿನ ಮುಂದಿನ ರಸ್ತೆಯಲ್ಲಿ ನಮ್ಮ ನಡಿಗೆ ತಾನಾಗಿ ನಿಧಾನವಾಗುತ್ತದೆ.

ಆದರೆ ಅದೇ ಊರಿನಲ್ಲಿ ಕನ್ನಡ ಮಾತಾಡಲು ಮನೆಯ ಹೊರಗೆ ಯಾರೂ ಸಿಗುವುದಿಲ್ಲ. ನಾವು ಕಚೇರಿಗೆ ಹೋದ ಮೇಲೆ ನಮ್ಮ ಶ್ರೀಮತಿಯವರಿಗೆ ಹಗಲು ಬಹಳ ಉದ್ದ. ಮೊದಲ ವರ್ಷ ಅವರು ರೇಡಿಯೋದೊಡನೆ ಮಾತಾಡುತ್ತಿದ್ದರು ಎಂದರೆ ಉತ್ಪ್ರೇಕ್ಷೆಯಲ್ಲ.

ಮೂರು ವರ್ಷಗಳ ಹಿಂದೆ ಒಂದು ಚಳಿಯ ರಾತ್ರಿ ಅವರಿಗೆ ಎದೆನೋವು ಕಾಣಿಸಿಕೊಂಡಿತು. ಕಡೆಯ ರೈಲು ಹೋಗಿಯಾಗಿತ್ತು. ನಾವು ಬಾಗಿಲು ತೆರೆದು ಕೂಗಿದೊಡನೆ ಎದುರು ಮನೆಯ ದಾದಾ ಎದ್ದರು, ಕ್ಲಬ್ಬಿನ ಹುಡುಗರು ಎದ್ದರು. ಒಬ್ಬ ಟೋಟೋ ತಂದ, ಇನ್ನೊಬ್ಬ ವೈದ್ಯರನ್ನು ಎಬ್ಬಿಸಿದ. ಹೆಚ್ಚಿನ ಚಿಕಿತ್ಸೆಗೆ ಕೋಲ್ಕತಾಕ್ಕೇ ಒಯ್ಯಬೇಕೆಂದಾಗ ಕಾರು ಹೊಂದಿಸಿಕೊಟ್ಟವರೂ ಅವರೇ. ಆ ಒಂದೂವರೆ ಗಂಟೆಯ ಹಾದಿಯನ್ನು ನಾವು ಮರೆಯಲಾರೆವು. ಲೇಕ್ ಮಾರ್ಕೆಟಿನಲ್ಲಿದ್ದಿದ್ದರೆ ಅದು ಹತ್ತೇ ನಿಮಿಷ. ಅಲ್ಲಿ ಹನ್ನೆರಡು ವರ್ಷ ಬಾಳಿದ ನಾವು ಮೇಲಿನ ಮಹಡಿಯವರ ಹೆಸರನ್ನು ಅರಿತಿರಲಿಲ್ಲ ಎಂಬುದೂ ನಿಜವೇ.

ದೈವಕೃಪೆಯಿಂದ ಅವರು ಗುಣವಾದರು. ಈಗ ಎದುರು ಮನೆಯ ಬೌದಿ ಸಂಜೆ ಬಂದು ಸಾರಿನ ಪುಡಿ ಹುರಿಯುವುದನ್ನು ಕಲಿಯುತ್ತಾರೆ. ಇವರ ಬಂಗಾಳಿ ನಮಗಿಂತ ಚೆನ್ನಾಗಿದೆ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಬೆಂಗಳೂರಿಗೆ ಬನ್ನಿರೆಂದು ಮಗ ಕರೆಯುತ್ತಿದ್ದಾನೆ, ಹೃದಯದ ವೈದ್ಯರೂ ಮಹಾನಗರದಲ್ಲಿರುವುದೇ ಮೇಲೆನ್ನುತ್ತಾರೆ. ಶ್ರೀಮತಿಯವರು ಏನನ್ನೂ ಹೇಳಿಲ್ಲ. ಕಳೆದ ವಾರ ಮನೆಯೊಡೆಯರು ಬಾಡಿಗೆ ಕರಾರಿನ ಕಾಗದ ತಂದಾಗ ಮಾತ್ರ, ನಾವು ಕನ್ನಡಕ ಹುಡುಕುತ್ತಿರುವಷ್ಟರಲ್ಲಿ, ಲೇಖನಿಯನ್ನು ಅವರೇ ತಂದುಕೊಟ್ಟರು.