ಚಾನಲ್ಲಿನ ಸುಳಿ, ಡ್ರೋನಿನ ಗಾಳಿ

ಭದ್ರಾ ಚಾನಲ್‌ಗೆ ನೀರು ಬಿಟ್ಟ ದಿನ ತ್ಯಾವಣಿಗೆ ಕಡೆಯ ಯಾವುದಾದರೂ ಸೇತುವೆ ಮೇಲೆ ನಿಂತು ಕಂಬದ ಕೆಳಮಗ್ಗುಲನ್ನು ನೋಡಿ. ಕಂಬಕ್ಕೆ ಬಡಿದ ನೀರು ಸೀಳಿ ಹಿಂದೆ ಸುಳಿ ಸುತ್ತುತ್ತದೆ. ದೊಡ್ಡ ಸುಳಿ ಒಡೆದು ಸಣ್ಣದಾಗುತ್ತದೆ, ಸಣ್ಣದು ಒಡೆದು ಇನ್ನೂ ಸಣ್ಣದು. ಭತ್ತದ ಗದ್ದೆ ಮೇಲೆ ಡ್ರೋನ್ ಹಾರಿಸಿ ಔಷಧಿ ಹೊಡೆಸುವಾಗ ಅದರ ರೆಕ್ಕೆಗಳ ಸುತ್ತಲಿನ ಗಾಳಿಯೂ ಹೀಗೆಯೇ ಕಲಕುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ.

ಹರಿವಿನ ನಿಯಮವೇನೂ ಗುಟ್ಟಲ್ಲ. ನೇವಿಯರ್ ಮತ್ತು ಸ್ಟೋಕ್ಸ್ 19ನೇ ಶತಮಾನದಲ್ಲೇ ಸಮೀಕರಣ ಬರೆದಿಟ್ಟರು. ತಿಣುಕಾಟವೆಲ್ಲ ಅದನ್ನು ಬಿಡಿಸುವುದರಲ್ಲಿ. ಕಂಪ್ಯೂಟರಿಗೆ ಒಪ್ಪಿಸಬೇಕೆಂದರೆ ಮೊದಲು ಗಾಳಿಯನ್ನು ಗದ್ದೆಯ ಮಡಿಗಳಂತೆ ಪುಟ್ಟ ಪುಟ್ಟ ಕೋಣೆಗಳಾಗಿ ಹಂಚಬೇಕು. ಒಂದೊಂದು ಕೋಣೆಯಲ್ಲೂ ವೇಗ, ಒತ್ತಡ ಲೆಕ್ಕ ಹಾಕಿ, ಮಡಿಯಿಂದ ಮಡಿಗೆ ನೀರು ಹಾಯಿಸಿದಂತೆ ಪಕ್ಕದ ಕೋಣೆಗೆ ದಾಟಿಸಬೇಕು. ಅತಿ ಸಣ್ಣ ಸುಳಿಯನ್ನೂ ಬಿಡದೆ ಹಿಡಿಯಲು ಹೊರಟರೆ, ಗಾಳಿಯ ವೇಗ ಇಮ್ಮಡಿಯಾದಾಗ ಲೆಕ್ಕದ ಕೆಲಸ ಸುಮಾರು 8 ಪಟ್ಟಾಗುತ್ತದೆ. ರೆಕ್ಕೆ ತಿರುಗುತ್ತಿದ್ದರಂತೂ ಅದರ ಸುತ್ತಲಿನ ಕೋಣೆಗಳೂ ತಿರುಗಬೇಕು. ತಿರುಗುವ ಕೋಣೆಗೂ ನಿಂತ ಕೋಣೆಗೂ ನಡುವೆ ಲೆಕ್ಕ ಸೋರಬಾರದು. ಅದಕ್ಕೇ ಎಂಜಿನಿಯರುಗಳು ಅನೇಕ ಸಲ ದೊಡ್ಡ ಸುಳಿಗಳನ್ನಷ್ಟೇ ಲೆಕ್ಕ ಹಾಕಿ, ಚಿಲ್ಲರೆ ಸುಳಿಗಳನ್ನು ಅಂದಾಜಿಗೆ ಬಿಡುತ್ತಾರೆ. ಆ ಅಂದಾಜಿನಲ್ಲಿ ಯಾರು ಎಷ್ಟು ಪಳಗಿದ್ದಾರೆ ಎನ್ನುವುದರ ಮೇಲೆ ಉತ್ತರದ ಬೆಲೆ.

ಈ ವಿದ್ಯೆಯಲ್ಲಿ ನಮ್ಮ ರಾಜ್ಯದ ದೊಡ್ಡ ಹೆಸರು ರೊದ್ದಂ ನರಸಿಂಹ (1933–2020). ತಂದೆ ಆರ್.ಎಲ್. ನರಸಿಂಹಯ್ಯ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಮೇಷ್ಟರು, ಕನ್ನಡದಲ್ಲಿ ವಿಜ್ಞಾನ ಬರೆದವರು. ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ, ವಿಮಾನ ವಿಜ್ಞಾನಿ ಸತೀಶ್ ಧವನ್ ಕೈಕೆಳಗೆ ಪಳಗಿ, ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ 1961ರಲ್ಲಿ ಪಿಎಚ್.ಡಿ. ಪಡೆದು ಮರಳಿ ಬಂದರು. ಕಲಕಿದ ಹರಿವು ಮತ್ತೆ ಹೇಗೆ ಶಾಂತವಾಗುತ್ತದೆ ಎನ್ನುವುದು ಅವರನ್ನು ಬಹುಕಾಲ ಕಾಡಿದ ಪ್ರಶ್ನೆ. ಅವರು ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ನಿರ್ದೇಶಕರಾಗಿದ್ದಾಗ, 1986ರಲ್ಲಿ, ಅಲ್ಲಿ ‘ಫ್ಲೋಸಾಲ್ವರ್’ ತಯಾರಾಯಿತು. ಒಂದು ದೊಡ್ಡ ಲೆಕ್ಕವನ್ನು ಹಲವು ಚಿಪ್‌ಗಳಿಗೆ ಹಂಚಿ ಏಕಕಾಲಕ್ಕೆ ಮಾಡಿಸುವ ಈ ಯಂತ್ರ, ನಾಟಿಗೆ ಹತ್ತಾಳು ಒಟ್ಟಿಗೆ ಇಳಿದ ಹಾಗೆ. ಹರಿವಿನ ಲೆಕ್ಕ ಬಿಡಿಸುವುದು ಎಂಬ ಅರ್ಥ ಹೆಸರಲ್ಲೇ ಇದೆ. ಮುಂದೆ ಮುಂಗಾರಿನ ಲೆಕ್ಕಕ್ಕೂ ಅದರ ಪೀಳಿಗೆಯ ಯಂತ್ರಗಳು ದುಡಿದವು. ಇವತ್ತು ನಿಮ್ಮ ಜೇಬಿನ ಮೊಬೈಲು ಆ ಮೊದಲ ಯಂತ್ರಕ್ಕಿಂತ ಬಲು ಚುರುಕು, ಅದರಲ್ಲಿ ರೀಲ್ಸ್ ನೋಡುತ್ತೇವೆ ಎನ್ನುವುದು ಬೇರೆ ಮಾತು.

2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ (ಐಐಎಸ್ಸಿ) ಬಂದ ಸೂಪರ್ ಕಂಪ್ಯೂಟರ್ ‘ಪರಮ್ ಪ್ರವೇಗ’ದ ಸಾಮರ್ಥ್ಯ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ. ಆದರೂ ಹಾರುವ ವಿಮಾನವೊಂದರ ಸುತ್ತಲಿನ ಸುಳಿಗಳನ್ನೆಲ್ಲ ಒಂದೂ ಬಿಡದೆ ಎಣಿಸುವುದು ಅದರ ಅಳವಿಗೂ ಮೀರಿದ್ದು.

ಡ್ರೋನ್ ವಿಷಯಕ್ಕೆ ಬಂದರೆ, ರೆಕ್ಕೆ ಕೆಳಕ್ಕೆ ತಳ್ಳುವ ಗಾಳಿ ಎಲೆಗಳನ್ನು ಅಲ್ಲಾಡಿಸಿ ಔಷಧಿಯನ್ನು ಬುಡದತ್ತ ಇಳಿಸುತ್ತದೆ. ಅಡ್ಡಗಾಳಿ ಎದ್ದರೆ ಅದೇ ಗಾಳಿಯ ಸುಳಿ ಸಣ್ಣ ಹನಿಗಳನ್ನು ಎತ್ತಿ ಬದು ದಾಟಿಸುತ್ತದೆ. ಪಕ್ಕದ ಗದ್ದೆಯವರ ಜೊತೆ ಜಗಳ ಬೇಡವೆಂದರೆ, ಬಿಸಿಲೇರಿ ಗಾಳಿ ಜೋರಾಗುವ ಮುಂಚೆಯೇ ಔಷಧಿ ಹೊಡೆಸಿ ಮುಗಿಸಿ.