ಮರೆಯಲಾಗದ ‘ದೊಡ್ಡ ಸ್ವಾಮಿಯವರು’

ಮೈಸೂರು ಸೀಮೆಯ ಕಥೋಲಿಕ ಕುಟುಂಬಗಳು ತಂದೆಯೆಂದೇ ಸ್ಮರಿಸಬೇಕಾದ ಧರ್ಮಗುರು ಅಬ್ಬೆ ದುಬುವಾ. ಜನರು ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆಯುತ್ತಿದ್ದರು.

1765ರಲ್ಲಿ ಫ್ರಾನ್ಸಿನಲ್ಲಿ ಜನಿಸಿದ ಅವರು 1792ರಲ್ಲಿ ಗುರುದೀಕ್ಷೆ ಪಡೆದು, ಮಹಾಕ್ರಾಂತಿಯ ಬೇಗೆಯಲ್ಲಿದ್ದ ತಾಯ್ನಾಡನ್ನು ತೊರೆದು ಭಾರತಕ್ಕೆ ಹಡಗು ಹತ್ತಿದರು. 1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಶ್ರೀರಂಗಪಟ್ಟಣಕ್ಕೆ ಬಂದು, ಚದುರಿಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸಿದರು. ಪೇಟ ಸುತ್ತಿ, ದೇಶೀಯ ಉಡುಪು ತೊಟ್ಟು, ಮಾಂಸಾಹಾರ ವರ್ಜಿಸಿ ಜನರೊಡನೆ ಬೆರೆತರು. ಹಾಸನದ ಬಳಿಯ ಸಾತಹಳ್ಳಿಯಲ್ಲಿ ವಿಶ್ವಾಸಿಗಳಿಗೆ ಬೇಸಾಯದ ನೆಲೆ ಕಲ್ಪಿಸಿದರು. ಸಿಡುಬಿನ ಲಸಿಕೆಯೆಂದರೆ ಜನರು ಹಿಂಜರಿಯುತ್ತಿದ್ದ ಆ ದಿನಗಳಲ್ಲಿ, 1803-04ರ ಅವಧಿಯಲ್ಲಿ 25,432 ಮಂದಿಗೆ ಲಸಿಕೆ ಹಾಕಿಸಿದರು.

1823ರಲ್ಲಿ ಅವರು ಭಾರತವನ್ನು ಬಿಟ್ಟರು. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ, ಈ ನಾಡಿನಲ್ಲಿ ಧರ್ಮಪ್ರಚಾರ ಫಲಿಸದೆಂಬ ನಿರಾಶೆಯನ್ನು ಮರೆಮಾಚದೆ ತೋಡಿಕೊಂಡಿದ್ದರು. ಪ್ಯಾರಿಸಿನ ವಿದೇಶೀ ಮಿಷನ್ ಸಂಸ್ಥೆಯ ಮುಖ್ಯಸ್ಥರೂ ಆಗಿದ್ದ ಅವರು 1848ರಲ್ಲಿ ದೈವಾಧೀನರಾದರು.

ಆ ತಂದೆಯ ಕಣ್ಣಿಗೆ ಬೀಳದ ಫಲ ನಮ್ಮ ಕಣ್ಣಮುಂದಿದೆ. ಸಾತಹಳ್ಳಿಯಲ್ಲಿ ಇಂದಿಗೂ ಬಲಿಪೂಜೆ ನಡೆಯುತ್ತಿದೆ. ಅಂದು ಲಸಿಕೆಯಿಂದ ಉಳಿದ ಮಕ್ಕಳ ಸಂತತಿ ಈ ಮಣ್ಣಿನಲ್ಲಿ ಬಾಳುತ್ತಿದೆ. ತಾನು ಸೋತೆನೆಂದು ನೊಂದ ಪ್ರತಿಯೊಬ್ಬ ತಂದೆಗೂ ಅವರ ಬಾಳು ಸಾಂತ್ವನವಾಗಲಿ.