ತಿದ್ದಿದ ನಕ್ಷೆಯ ಹಿಂದಿನ ನಕ್ಷೆ

ಆಲಮೇಲದ ರೈತ ಹೊಲದಲ್ಲಿ ನಿಂತು 'ದಿಶಾಂಕ್' ತೆರೆದರೆ ಸರ್ವೆ ನಂಬರು ಮೊಬೈಲಿನಲ್ಲೇ ಕಾಣುತ್ತದೆ. ಭೂಮಾಪನ ಇಲಾಖೆಯ ಗ್ರಾಮನಕ್ಷೆಗಳಿಗೆ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ಕೈಜೋಡಿಸಿದ ಫಲವಿದು.

ಅನುಕೂಲವೇನೋ ಸರಿ. ಆದರೆ ಹೊಲ ಪೋಡಿಯಾಗುತ್ತದೆ, ಸಿಂದಗಿಗೆ ಸೇರಿದ್ದ ಆಲಮೇಲವೇ ತಾಲ್ಲೂಕಾಗುತ್ತದೆ. ಆಗೆಲ್ಲ ನಕ್ಷೆಯನ್ನು ತಿದ್ದಬೇಕು. ಮುಂಬಯಿ ಪ್ರಾಂತ್ಯದ ಕಾಲದ ಕಾಗದ ಹುಳು ತಿಂದರೂ ಒಂದಿಷ್ಟು ಉಳಿದೀತು. ಗಣಕದಲ್ಲಿ ಹಳೆಯ ಪ್ರತಿ ತೆಗೆದಿಡದೆ ತಿದ್ದಿದರೆ ಗುರುತೂ ಸಿಗದು. ಬದುವಿನ ತಕರಾರು ಕೋರ್ಟು ಹತ್ತಿದಾಗ, ಆ ವರ್ಷ ಗಡಿ ಎಲ್ಲಿತ್ತೆಂದು ಹೇಳುವವರಾರು?

ಇಂಥದೇ ಚಿಂತೆಯಿಂದ ಅಮೆರಿಕದ ನಾರ್ತ್ ಕೆರೊಲಿನಾ, ಕೆಂಟಕಿ, ಯೂಟಾ ರಾಜ್ಯಗಳು 2007ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ನೆರವಿನೊಂದಿಗೆ ನಕ್ಷೆ ಮಾಡುವವರನ್ನೂ ಪತ್ರಾಗಾರದವರನ್ನೂ ಒಂದೇ ಮೇಜಿಗೆ ಕರೆತಂದವು. ಹಳತಾದ ನಕ್ಷೆಗಳ ಪ್ರತಿಗಳನ್ನು ಪತ್ರಾಗಾರಕ್ಕೆ ಒಪ್ಪಿಸುವ ಕ್ರಮವನ್ನು ರೂಪಿಸಿದವು. ರಾಜ್ಯ ಪತ್ರಾಗಾರ ಬೆಂಗಳೂರಿನಲ್ಲೂ ಇದೆ. ಅದಕ್ಕೂ ಒಂದು ಕುರ್ಚಿ ಹಾಕಬೇಕಾದೀತು.